ಮಟ

"ಸೋಮಾರ ಮಟ ಇರಲ್ರಿ" ಅಂತಾರ ಮಂದಿ.
ಸೋಮಾರ ಸೇರಿಸಿಯೋ, ಬಿಟ್ಟೋ
ಯಾರೂ ಹೇಳಂಗಿಲ್ಲ.
ಮಾತಿನ್ಯಾಗ ನಡೀತೈತಿ.
ಕೋಷ್ಟಕದಾಗ ನಡಿಯಂಗಿಲ್ಲ.

ಬ್ಯಾಡಗಿ, ಕೋಲ್ಡ್ ಸ್ಟೋರೇಜು, ಮೂರನೇ ಚೇಂಬರು.
ಹೊರಗ ಮಾರ್ಚ್ ಬಿಸಲು,
ಒಳಗ ಸ್ವೆಟರ್ ಹಾಕ್ಕೊಂಡ ಹಮಾಲರು.
ಕೀಬೋರ್ಡಿನ ಸಂದಿಗೆಲ್ಲಾ ಕೆಂಪು ಪುಡಿ,
ಒಂದು ತಪ್ಪು ಹುಡುಕೂದ್ರಾಗ ನಾಕು ಸೀನು.
ಈ ಲೆಕ್ಕದ ಪ್ರೋಗ್ರಾಮು ಬರದಾಕಿ ನಾನ.
ಮೂರು ವರ್ಷದ ಮ್ಯಾಲೆ
ಹುಬ್ಬಳ್ಳಿ ಬಸ್ ಹಿಡಿದು ಬಂದೀನಿ, ಬೈಸಿಕೊಳ್ಳಾಕ.

ಎದುರಿಗೆ ದಿವಾನಜಿ ಗುದ್ಲೆಪ್ಪನವರು,
ಕನ್ನಡಕದ ಒಂದು ಕಾಲಿಗೆ ದಾರ.
ಕಂಪ್ಯೂಟರ್ ಬಂದ್ರೂ ಕೀರ್ದಿ ಬಿಟ್ಟಿಲ್ಲ,
"ಕರೆಂಟು ಹೇಳಿ ಹೋಗಂಗಿಲ್ಲವಾ" ಅಂತಾರ.

ಮೊದಲನೇ ತಕರಾರು, ಹದಿನಾಕನೇ ಅಂಕಣದ್ದು.
ಹತ್ತನೇ ತಾರೀಖು ಬೆಳಗ್ಗೆ
ಕಳಕಪ್ಪನ ಚೀಲ ಹೊರಗ ಹೋದ್ವು.
ಅವತ್ತ ಸಂಜೀಕ ಮಾಬುಸಾಬನ ಲಾರಿ ಬಂತು.
ಕಂಪ್ಯೂಟರು: ಜಾಗಾ ಇಲ್ಲ.
ಖಾಲಿ ಅಂಕಣದ ಬಾಗಿಲಿಗೆ
ಇಡೀ ರಾತ್ರಿ ಲಾರಿ ನಿಂತಿತ್ತಂತ.

"ಮುಂಜಾನೆ ಎದ್ದು ಹೋದ ಬೀಗರು
ಸಂಜೀಕ ಬಂದ ಬೀಗರಿಗೆ ಅಡ್ಡ ಬರ್ತಾರೇನವಾ?
ಚಾಪಿ ಒಂದ, ಹೊತ್ತು ಬ್ಯಾರೆ.
ಬಂದ ದಿನಾ ಹಿಡಿ, ಹೋದ ದಿನಾ ಬಿಡು.
ಹಿರೇ ದಿವಾನಜಿ ನನಗ ಹೇಳಿಕೊಟ್ಟ ಮೊದಲನೇ ಮಾತು."

ನಾ ಬರದಿದ್ದೆ: ಸಣ್ಣದು, ಇಲ್ಲಾ ಸಮ.
"ಸಮ" ಅಳಿಸಿದೆ. ಒಂದ ಗೆರಿ.
ಆ ಗೆರಿ ಬಾಗಿಲಿನ ಅಗಳಿ ಆಗಿತ್ತು.

ಎರಡನೇದು ಹೇಳಾಕ ನನಗ ನಾಚಿಕಿ.
ಹೊರಗ ಹೋಗದ ಚೀಲಕ್ಕ ಕೊನೀ ದಿನಾ ಏನು ಬರೀಬೇಕು?
ಖಾಲಿ ಬಿಡಾಕ ಅಂಜಿ ತುಂಬಿದ್ದೆ:
ಒಂಬತ್ತು ಸಾವಿರದ ಒಂಬೈನೂರಾ ತೊಂಬತ್ತೊಂಬತ್ತನೇ ಇಸವಿ,
ಡಿಸೆಂಬರ್ ಮೂವತ್ತೊಂದು.
ಇಮಾಂಬಿ ಅನ್ನಾಕಿ ಬೀಜಕ್ಕಂತ ಇಟ್ಟ ಆರು ಚೀಲದ ಮುಂದ
ಅದನ್ನ ಓದಿ ಗುದ್ಲೆಪ್ಪನವರು ಕನ್ನಡಕ ತಗದ್ರು.
"ಅಷ್ಟೊತ್ತಿಗೆ ಖಾರ ಉಳಿದಿರತೈತೇನವಾ?"
ಹಮಾಲರೂ ನಕ್ಕರು. ನನಗೂ ನಗು ಬಂತು, ಸೀನೂ ಬಂತು.

ಕೀರ್ದಿಯೊಳಗ ಅಲ್ಲಿ ಏನೂ ಇಲ್ಲ.
ಬಿಳೇ ಹಾಳಿ.
ತಿಳಿಯದ್ದನ್ನ ತಿಳಿಯದ್ದಂತ ಬಿಡೂದಕ್ಕೂ ಒಂದು ಧೈರ್ಯ ಬೇಕು.

ಮೂರನೇದನ್ನ ಅವರು ಹೇಳಲಿಲ್ಲ. ನಾನ ಕಂಡೆ,
ಕೀರ್ದಿಯ ಅಂಚಿನ್ಯಾಗ, ಪೆನ್ಸಿಲ್ಲಿಲೆ:
ಸೋಡಿ ಒಂದು ದಿನ. ಸೋಡಿ ಒಂದು ದಿನ.
ಪುಟ ಪುಟಕ್ಕ.

ಸಂತಿ ಹಿಂದಿನ ರಾತ್ರಿ ಹೊಂಟ ಗಾಡಿಗಳು
ಬೆಳ್ಳಿ ಮೂಡೂ ಹೊತ್ತಿಗೆ ಇಲ್ಲಿ ಇಳಿಸತಾವು.
ನನ್ನ ಸರ್ವರು ಇರೂ ಊರಾಗ
ಆಗ ಇನ್ನೂ ನಿನ್ನಿ ರಾತ್ರಿ ಹತ್ತೂವರಿ.
ಐದೂವರಿ ತಾಸಿನ ಫರಕು.
ಗುರುವಾರ ಬಂದ ಚೀಲ ಬುಧವಾರಕ್ಕ ಜಮಾ,
ಚೀಲಕ್ಕ ಅರವತ್ತು ಪೈಸೆ ಹೆಚ್ಚು.

ಹುಡುಕಿಸಿದೆ. ಸೂರ್ಯಾನ ಮುಂದ ಬಂದ ಚೀಲ
ನಲವತ್ತೆಂಟು ಸಾವಿರದ ಮುನ್ನೂರಾ ಮೂವತ್ತು.
ರೊಕ್ಕ, ಇಪ್ಪತ್ತೊಂಬತ್ತು ಸಾವಿರಕ್ಕ ಎರಡು ಕಮ್ಮಿ.

"ಗೊತ್ತಿದ್ದೂ ಯಾಕ ಹೇಳಲಿಲ್ರಿ?"
"ಮಶೀನು ಹುಬ್ಬಳ್ಳೀದಲ್ಲಾ,
ಅಲ್ಲಿ ಹೊತ್ತು ತಡಾ ಮೂಡತಿರಬೇಕು ಅಂದ್ಕೊಂಡೆ.
ದುಡ್ಡಂತೂ ನಾ ಇದ್ದಷ್ಟು ದಿನಾ ತಿರುಗಿ ಕೊಟ್ಟೀನಿ.
ಕಣ್ಣಿನ ಆಪರೇಷನ್ನಿಗೆ ಧಾರವಾಡಕ್ಕ ಹೋಗಿದ್ದೆ ನೋಡು,
ಆ ಹದಿನೇಳು ದಿನದ್ದು ಉಳದೈತಿ."

ಹನ್ನೊಂದು ಮಂದಿ. ಹೆಸರು ಬರಕೊಂಡೆ.
ನನ್ನ ಪಗಾರದಾಗ ಹಿಡೀರಿ ಅಂದದ್ದಕ್ಕ
ಅವರು ಚಹಾ ತರಿಸಿದ್ರು, ಉತ್ತರಾ ಕೊಡಲಿಲ್ಲ.

ಮೋಟೆಬೆನ್ನೂರು ಕ್ರಾಸಿನ್ಯಾಗ ಬಸ್ಸಿಗೆ ನಿಂತಾಗ
ಫೋನ್ ಬಂತು:
"ಎಲ್ಲಾ ಸರಿ ಆಗೂದು ಯಾವಾಗವಾ?"
"ಶುಕ್ರಾರ ಮಟ ಟೈಮ್ ಕೊಡ್ರಿ" ಅಂದೆ.

ಆ ಕಡಿ ಒಂದು ಗಳಿಗಿ ಸುಮ್ಮನ.
ಪುಟ ತಿರುವಿದ ಸಪ್ಪಳ.
"ಶುಕ್ರಾರ ಹಿಡಿದೋ, ಬಿಟ್ಟೋ?"